ಗೂಟಣ್ಣ ನಿಂತ ಜಾಗ

ಗೂಟ ಅಂತ ಹೆಸರಿಟ್ಟವರು ಎದುರಾಳಿ ತಂಡದವರು, ಅಣಕಿಸುವುದಕ್ಕೆ. ಉಳಿದವರೆಲ್ಲ ಮೈದಾನದ ಉದ್ದಗಲಕ್ಕೂ ಓಡಿ ಬೆವರಿಳಿಸುತ್ತಿದ್ದರೆ ಇವನೊಬ್ಬ ಎದುರಾಳಿಯ ಗೋಲಿನ ಹತ್ತಿರ, ಕಂಬದಿಂದ ಸ್ವಲ್ಪ ಈಚೆಗೆ, ನೆಲಕ್ಕೆ ಹೊಡೆದ ಗೂಟದ ಹಾಗೆ ನಿಂತಿರುತ್ತಿದ್ದ. ಚೆಂಡು ದೂರವಿದ್ದಾಗ ಸೊಂಟದ ಮೇಲೆ ಕೈ. ಹತ್ತಿರ ಬಂದಾಗಲೂ ಸೊಂಟದ ಮೇಲೇ ಕೈ. ಕೋಚ್ ಗಂಟಲು ಹರಿಯುವಂತೆ ಕೂಗಿದರೂ ಕದಲುತ್ತಿರಲಿಲ್ಲ. ಚೆಂಡು ತನ್ನ ಮುಂದಕ್ಕೆ ಬಿದ್ದರೆ ಮಾತ್ರ ಕಾಲು ಕೀಳುವವನು. ಹಾಗೆ ಕಿತ್ತನೆಂದರೆ, ಗೋಲ್‌ಕೀಪರ್ ಬಗ್ಗಿ ಏಳುವಷ್ಟರಲ್ಲಿ ಬಲೆ ಅಲ್ಲಾಡುತ್ತಿತ್ತು. ಕ್ಲಬ್ಬಿನ ಅಭಿಮಾನಿಗಳು ಆ ಅಣಕದ ಹೆಸರನ್ನೇ ಎತ್ತಿಕೊಂಡು, ಕೊನೆಗೊಂದು ಅಣ್ಣ ಸೇರಿಸಿ, ಗೂಟಣ್ಣ ಎಂದು ಮೆರೆಸಿದರು.

ಹಗಲೆಲ್ಲ ಅವನು ಬಸ್ ಡಿಪೊದಲ್ಲಿ ಟೈರ್ ಬಿಚ್ಚುವ ಕೆಲಸ ಮಾಡುತ್ತಿದ್ದ. ಪಂದ್ಯದ ದಿನವೂ ಅರ್ಧ ಪಾಳಿ ಮುಗಿಸಿಯೇ ಬರುವನು. ಎಷ್ಟು ತಿಕ್ಕಿದರೂ ಗ್ರೀಸು ಪೂರ್ತಿ ಹೋಗದ ಕೈಗಳನ್ನು ಸೊಂಟಕ್ಕಿಟ್ಟು ನಿಂತು ನಿಂತು, ಜೆರ್ಸಿಯ ಎರಡೂ ಪಕ್ಕದಲ್ಲಿ ಕಪ್ಪು ಅಂಗೈಗಳು ಮೂಡಿರುತ್ತಿದ್ದವು. ಹೆಂಡತಿ ಅದೇ ಡಿಪೊದ ಟಿಕೆಟ್ ವಿಭಾಗದವಳು. ಆ ಅಂಗೈಗಳನ್ನು ಒಗೆದು ತೆಗೆಯುವುದು ಅವಳ ಪಾಲಿಗೆ ಬಂದಿತ್ತು. ಗಂಡನ ಒಂದು ಪಂದ್ಯವನ್ನೂ ಅವಳು ಪೂರ್ತಿ ನೋಡಿದವಳಲ್ಲ. ಯಾರಾದರೂ ಅವನ ಕಾಲಿಗೆ ಬೂಟು ಚಾಚಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಮಂಡಿ ಹೋಯಿತು, ಆಟ ನಿಂತಿತು. ಡಿಪೊ ಮಾತ್ರ ನಿವೃತ್ತಿಯವರೆಗೂ ನಡೆಯಿತು. ಆಮೇಲೆ ಮರೆವು ಬಂತು. ಮೊದಲು ಹೆಸರುಗಳು ಜಾರಿದವು, ಆಮೇಲೆ ದಾರಿಗಳು, ಕೊನೆಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದೂ. ಎಲ್ಲರೂ ಮಲಗಿದ ಮೇಲೆ ಎದ್ದು ಮಂಚದ ಕೆಳಗೆ ಬೂಟು ಹುಡುಕುವನು. ತಡವಾಯಿತು ಎಂದು ಬಾಗಿಲ ಚಿಲಕ ಜಗ್ಗುವನು. ಪಂದ್ಯ ನಾಳೆ ಅಲ್ವಾ ಎಂದು ಹೆಂಡತಿ ಹೇಳಿದರೆ ಒಪ್ಪಿ ಮಲಗುವನು. ಅವಳ ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಏಳುವನು. ಹೀಗೆ ಅವಳ ನಿದ್ದೆ ಹೋಯಿತು.

ಆ ನಿದ್ದೆಯಲ್ಲಿ ಒಂದು ಚೂರನ್ನಾದರೂ ಅವಳಿಗೆ ವಾಪಸು ಕೊಟ್ಟದ್ದು ಹಳೆಯ ಮೈದಾನದ ಎದುರಿಗಿದ್ದ ಕಟಿಂಗ್ ಶಾಪು. ಪ್ರತಿ ಶನಿವಾರ ಮಧ್ಯಾಹ್ನ ಗಂಡನನ್ನು ಅಲ್ಲಿ ಶೇವಿಂಗಿಗೆ ಕೂರಿಸಿ, ಪಕ್ಕದ ಬೀದಿಯ ತಂಗಿಯ ಮನೆಗೆ ಹೋಗಿ ಒಂದು ಗಂಟೆ ಮಲಗಿ ಬರುವಳು. ವಾರವಿಡೀ ಅವಳು ಮೈಮರೆತು ಮಲಗುತ್ತಿದ್ದದ್ದು ಅಷ್ಟೇ. ಶಾಪಿನ ಕ್ಷೌರಿಕ, ಅವನ ಬೆಂಚು ಬಿಟ್ಟೇಳದ ಟೈಲರ್, ಕೆಲಸದಿಂದ ನಿವೃತ್ತನಾದ ಪೋಸ್ಟ್‌ಮ್ಯಾನ್, ಮೂವರೂ ಒಂದೇ ಗ್ಯಾಲರಿಯಲ್ಲಿ ಕೂತು ಕೂಗಿ ಮುದುಕರಾದವರು. "ಅತ್ತಿಗೆ, ನೀವು ನಿಶ್ಚಿಂತೆಯಾಗಿ ಹೋಗಿ ಮಲಗಿ. ಅಣ್ಣ ನಮ್ಮ ಜವಾಬ್ದಾರಿ," ಎಂದು ಪೋಸ್ಟ್‌ಮ್ಯಾನ್ ಪ್ರತಿ ಸಲವೂ ಹೇಳುವನು. ಅವಳು ನಂಬಿ ಹೋಗುವಳು.

ಆ ಶನಿವಾರ ಗ್ಯಾಲರಿಯನ್ನು ಕೆಡಹುತ್ತಿದ್ದರು. ಕ್ಲಬ್ಬು ಊರಾಚೆಯ ಹೊಸ ಮೈದಾನಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಗೋಲಿನ ಹಿಂದೆ ಇದ್ದ ಗ್ಯಾಲರಿಯ ಚಾವಣಿ, ಮೆಟ್ಟಿಲು ಎಲ್ಲ ಬಿದ್ದು ನಡುವೆ ಗುಡ್ಡದಷ್ಟು ರಾಶಿಯಾಗಿದ್ದವು. ಹಿಂಬದಿಯ ಗೋಡೆಯ ಒಂದು ಮೂಲೆ ಮಾತ್ರ ನಿಂತಿತ್ತು. ಗೋಡೆ ರಸ್ತೆಗೆ ಬೀಳಬಾರದೆಂದು ಯಂತ್ರವನ್ನು ರಸ್ತೆಯ ಕಡೆ ನಿಲ್ಲಿಸಿ ಒಳಕ್ಕೆ ನೂಕುತ್ತಿದ್ದರು. ಪ್ರತಿ ನೂಕಿಗೂ ಶಾಪಿನ ಕನ್ನಡಿಗಳು ನಡುಗುತ್ತಿದ್ದವು. ಊಟದ ಹೊತ್ತಿಗೆ ಯಂತ್ರ ನಿಂತಿತು. ಆ ಮೌನದಲ್ಲಿ ಮೂವರಿಗೂ ಏನೋ ಕಳೆದುಕೊಂಡಂತಾಗಿ ಹಳೆಯ ಮಾತು ಶುರುವಾಯಿತು.

ಟೈಲರ್ ಕಪ್ ಫೈನಲಿನ ಕತೆ ತೆಗೆದ. ಶಾಪಿನ ಕುರ್ಚಿಗಳಿಗೂ ಬಾಯಿಪಾಠವಾಗಿದ್ದ ಕತೆ: ಕೆಸರು, ಕೊನೆಯ ಗಳಿಗೆ, ಆಚೆ ಮೂಲೆಯಿಂದ ತೇಲಿ ಬಂದ ಚೆಂಡು, ಬಲಗಂಬದ ಹತ್ತಿರ ಗೂಟಣ್ಣ. ಪೋಸ್ಟ್‌ಮ್ಯಾನ್ ಎಂದಿನಂತೆ ಕಾಲೆಳೆದ. ಅಷ್ಟು ಕೆಸರಿನಲ್ಲೂ ಅಣ್ಣನ ಚಡ್ಡಿಗೆ ಒಂದು ಹನಿ ಸಿಡಿದಿರಲಿಲ್ಲ, ತಾನು ಒಂದು ದಿನ ನಡೆದಷ್ಟು ಅವನು ಜನ್ಮದಲ್ಲಿ ಓಡಿಲ್ಲ ಎಂದ.

"ಓಡೋದು ಬೇರೆ, ಎಲ್ಲಿ ನಿಲ್ಬೇಕು ಅಂತ ಗೊತ್ತಿರೋದು ಬೇರೆ ಕಣಯ್ಯ," ಅಂದ ಟೈಲರ್. "ನೀನು ಊರೆಲ್ಲ ಸುತ್ತಿ ಕೊನೆಗೆ ಪಕ್ಕದ ಮನೆ ಕಾಗದ ನಮ್ಮನೆಗೆ ಹಾಕ್ತಿದ್ದೆ."

"ಎಡಗಂಬ," ಅಂತು ಕುರ್ಚಿಯಲ್ಲಿದ್ದ ಧ್ವನಿ.

ಮೂವರೂ ತಿರುಗಿದರು. ಗೂಟಣ್ಣ ಬಾಯಿ ಬಿಡುವುದೇ ಅಪರೂಪವಾಗಿತ್ತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಒಂದು ಕೆನ್ನೆ ನುಣ್ಣಗಾಗಿ, ಇನ್ನೊಂದರ ತುಂಬ ನೊರೆ ಹೊತ್ತು ಕೂತಿದ್ದ. ಬಲಗಂಬ ಅಣ್ಣಾ, ಎಂದು ಟೈಲರ್ ಮಗುವಿಗೆ ಹೇಳುವ ಹಾಗೆ ತಿದ್ದಿದ. ವರ್ಷಗಟ್ಟಲೆ ಕಣ್ಣಾರೆ ಕಂಡಿದ್ದೇವಲ್ಲ, ನೀನು ನಿಲ್ಲುತ್ತಿದ್ದದ್ದು ಯಾವಾಗಲೂ ನಮ್ಮ ಬಲಕ್ಕೇ ಎಂದ. ಪೋಸ್ಟ್‌ಮ್ಯಾನ್ ಕೂಡ ಅಪರೂಪಕ್ಕೆ ಟೈಲರ್ ಪಕ್ಷ ಸೇರಿ, ಬಲಗಂಬವೇ ಎಂದ.

ಗೂಟಣ್ಣ ಕನ್ನಡಿಯೊಳಗಿಂದ ಅವರನ್ನು ನೋಡಿದ. "ನನ್ನ ಜಾಗ ನನಗೆ ಗೊತ್ತಿಲ್ವಾ?"

ಮೂವರೂ ಪಾಪ ಎಂದು ಕಣ್ಣಲ್ಲೇ ಹೇಳಿಕೊಂಡರು. ಕ್ಷೌರಿಕ ಬಿಸಿನೀರು ತರಲು ಹಿಂದಿನ ಕೋಣೆಗೆ ಹೋದ. ಉಳಿದಿಬ್ಬರು ಗೋಡೆಗೆ ತೂಗುಹಾಕಿದ್ದ ತಂಡದ ಹಳೆಯ ಫೋಟೋದ ಮುಂದೆ ಮೂಗು ತಾಗಿಸಿ ನಿಂತು, ಆ ಚೆಂಡನ್ನು ಕಳಿಸಿದವನು ಎಡತುದಿಯಲ್ಲಿ ನಿಂತವನೋ ಕೂತವನೋ ಎಂದು ಜಗಳ ಹಚ್ಚಿಕೊಂಡರು. ಕ್ಷೌರಿಕ ನೀರಿನ ಬಟ್ಟಲು ಹಿಡಿದು ಬಂದಾಗ ಕುರ್ಚಿ ಖಾಲಿಯಾಗಿತ್ತು. ಅವನ ಕಾಲಿನ ಗುಣಗಾನ ಮಾಡುತ್ತಿದ್ದವರ ಬೆನ್ನ ಹಿಂದೆಯೇ ಆ ಕಾಲು ಹೊಸ್ತಿಲು ದಾಟಿತ್ತು.

ಬೀದಿಯಲ್ಲಿ ಎರಡೂ ಕಡೆ ಅವನಿಲ್ಲ. ಫುಟ್‌ಪಾತಿನಲ್ಲಿ ಕೂತು ಬೀಗದ ಕೈ ಮಾಡುವವನು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡವರೊಬ್ಬರು ಮೈದಾನದ ತಗಡಿನ ಬೇಲಿ ಸವರಿಕೊಂಡು ಆ ಕಡೆ ಹೋದರು ಎಂದ. ಅಷ್ಟರಲ್ಲಿ ಯಂತ್ರ ಮತ್ತೆ ಗುಡುಗಿತು.

ಲಾರಿಗಳು ಓಡಾಡುವ ಗೇಟು ಇದ್ದದ್ದು ಮೈದಾನದ ಇನ್ನೊಂದು ತುದಿಯಲ್ಲಿ. ಬೇಲಿ ಬಳಸಿ ಓಡಿ, ಏದುಸಿರಿನಲ್ಲೇ ಸೂಪರ್‌ವೈಸರನಿಗೆ ವಿಷಯ ತಿಳಿಸಿದರು. ಅವನು ಫೋನು ಮಾಡಿ ಯಂತ್ರ ನಿಲ್ಲಿಸಿದ. ಒಳಗೆ ಹುಲ್ಲಿಲ್ಲ, ಗೆರೆಯಿಲ್ಲ, ಕಂಬಗಳಿಲ್ಲ. ದೂರದ ತುದಿಯಲ್ಲಿ ಅವಶೇಷದ ಗುಡ್ಡ, ಅದರ ಎಡಕ್ಕೊಂದು ಬಲಕ್ಕೊಂದು ಬಯಲು. ಒಂದರಿಂದ ಇನ್ನೊಂದು ಕಾಣುವಂತಿಲ್ಲ. ಯಾವ ಕಡೆ ಎಂದು ಸೂಪರ್‌ವೈಸರ್ ಕೇಳಿದ. ಬಲಕ್ಕೆ ಎಂದು ಮೂವರೂ ಒಟ್ಟಿಗೇ ಹೇಳಿದರು. ಅಷ್ಟು ಖಚಿತವಾಗಿ ಅವರು ಬೇರೇನನ್ನೂ ಬಲ್ಲವರಲ್ಲ.

ಬಲಗಡೆ ಬಾಗಿದ ಕಂಬಿಗಳಿದ್ದವು, ಮುರಿದ ಆಸನಗಳಿದ್ದವು, ನೀರು ನಿಂತ ಹೊಂಡವೊಂದಿತ್ತು. ಆ ಹೊಂಡದೊಳಗೆ ಬಗ್ಗಿ ನೋಡುವಾಗ ಟೈಲರ್ ಕಣ್ಣು ಮುಚ್ಚಿಕೊಂಡ. ಕ್ಷೌರಿಕನೇ ಕೋಲು ಹಾಕಿ ತಡಕಿದ. ಬರೀ ಕೆಸರು. ಅಣ್ಣ ಇಲ್ಲಿಗೆ ಬಂದೇ ಇಲ್ಲ, ಬೇರೆ ಯಾವುದೋ ದಾರಿ ಹಿಡಿದಿರಬೇಕು ಎಂದುಕೊಂಡು ಮೂವರೂ ಗೇಟಿಗೆ ಮರಳಿದರು. ಗೋಡೆಯ ಬುಡ ಕೊರೆದಾಗಿದೆ, ಅದನ್ನು ಹಾಗೆ ಬಹಳ ಹೊತ್ತು ಬಿಡುವಂತಿಲ್ಲ, ಒಳಗೆ ಯಾರೂ ಇಲ್ಲ ತಾನೇ ಎಂದು ಸೂಪರ್‌ವೈಸರ್ ಕೇಳಿದ. ಯಾರೂ ಇಲ್ಲ ಎಂದ ಟೈಲರ್. ಚಾಲಕನಿಗೆ ಫೋನು ಹೋಯಿತು. ಯಂತ್ರ ಶುರುವಾಯಿತು.

ಆಗಲೇ ಅವಳು ಬಂದಳು. ಶುರುವಾಗಿ ಥಟ್ಟನೆ ನಿಂತ ಯಂತ್ರದ ಸದ್ದಿಗೆ ಎಚ್ಚರವಾಗಿ, ಶಾಪಿನಲ್ಲಿ ಯಾರೂ ಇಲ್ಲದ್ದು ಕಂಡು, ಬೀಗದವನನ್ನು ಕೇಳಿಕೊಂಡು ಬಂದಿದ್ದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು. ಪೋಸ್ಟ್‌ಮ್ಯಾನ್ ಕೈ ಮುಗಿಯಲು ಹೋದ. ಅವಳು ಬೈಯಲಿಲ್ಲ, ಅಳಲಿಲ್ಲ.

"ಹೋಗೋ ಮುಂಚೆ ಅವರು ಏನಾದ್ರೂ ಅಂದ್ರಾ?"

ಎಡಗಂಬ, ನನ್ನ ಜಾಗ ಅಂತೇನೋ ಅಂದ, ಆದರೆ ಅವನಿಗೆ ನೆನಪಿಲ್ಲ, ಅದು ಬಲ ಎಂದು ಟೈಲರ್ ತೊದಲಿದ. ದೂರದಲ್ಲಿ ಗೋಡೆಗೆ ಮೊದಲ ನೂಕು ಬಿತ್ತು. ನೆಲ ಅದುರಿತು.

ಕ್ಷೌರಿಕ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಕತ್ತಿ ಹಿಡಿದ ಮೊದಲ ದಿನ ಅಪ್ಪ ಕಲಿಸಿದ್ದು ಅದೇ: ಎಡಗಿವಿಯ ಮುಂದಿನ ಕೃದಾ ಉದ್ದವಿದೆ ಎಂದು ಗಿರಾಕಿ ಹೇಳಿದರೆ ಅದು ಗಿರಾಕಿಯ ಎಡ, ಅವನ ಎದುರಿಗೆ ನಿಂತರೆ ಅದು ನಿನ್ನ ಬಲಗೈ ಕಡೆ ಇರುತ್ತದೆ. ಇಷ್ಟು ವರ್ಷ ಗೋಲಿನ ಹಿಂದೆ ಕೂತು ಗೂಟಣ್ಣನನ್ನು ಎದುರಾ ಎದುರು ನೋಡಿದ್ದರು. ಇವತ್ತು ಬಂದದ್ದು ಆಚೆ ತುದಿಯಿಂದ.

"ಅಣ್ಣ ಸರಿಯಾಗೇ ಹೇಳಿದ್ದ," ಅಂದ. "ನಾವು ಗ್ಯಾಲರಿ ಕಡೆಯಿಂದ ನೋಡಿದೋರು. ಇಲ್ಲಿಂದ ಹೋದ್ರೆ ಅದು ಎಡಕ್ಕೆ. ಆ ಗೋಡೆ ಕೆಳಗೆ."

ಎಲ್ಲರೂ ಓಡಿದರು. ಸೂಪರ್‌ವೈಸರ್ ಓಡುತ್ತಲೇ ಫೋನು ಒತ್ತಿದ. ಸದ್ದಿನಲ್ಲಿ ಚಾಲಕನಿಗೆ ಕೇಳಿಸಲಿಲ್ಲ. ಮತ್ತೊಂದು ನೂಕು. ಮತ್ತೆ ಒತ್ತಿದ. ಗುಡ್ಡ ಬಳಸುವ ಹೊತ್ತಿಗೆ ಯಂತ್ರ ನಿಂತಿತು.

ಗೂಟಣ್ಣ ಅಲ್ಲಿದ್ದ. ಇಲ್ಲದ ಕಂಬದಿಂದ ಸ್ವಲ್ಪ ಈಚೆಗೆ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಮೈದಾನದ ಕಡೆ ಮುಖ ಮಾಡಿ. ಅವನ ಹಿಂದೆ ಗೋಡೆ ಒಳಕ್ಕೆ ವಾಲಿತ್ತು. ಅದರ ಬಿರುಕಿನಿಂದ ಪುಡಿ ಉದುರಿ ಅವನ ಹೆಗಲ ಮೇಲಿನ ಬಿಳಿ ಬಟ್ಟೆಗೆ ಬೀಳುತ್ತಿತ್ತು. ಸೂಪರ್‌ವೈಸರ್ ಎರಡೂ ಕೈ ಚಾಚಿ ಎಲ್ಲರನ್ನೂ ತಡೆದ. ಇನ್ನು ಯಾವ ಗಳಿಗೆಯಲ್ಲಾದರೂ ಬೀಳಬಹುದು, ಯಾರೂ ಕೆಳಗೆ ಹೋಗುವಂತಿಲ್ಲ, ಅವರೇ ಈಚೆ ಬರಬೇಕು ಎಂದ.

ಗೂಟಣ್ಣಾ ಎಂದು ಮೂವರೂ ಕೂಗಿದರು. ಅವನ ಮುಖ ಅರಳಿತು. ಗ್ಯಾಲರಿಗೆ ಎತ್ತುತ್ತಿದ್ದ ಹಾಗೆಯೇ ಒಂದು ಕೈ ಎತ್ತಿದ. ಆಮೇಲೆ ಕಾಲು ಅಗಲಿಸಿ ಇನ್ನಷ್ಟು ಭದ್ರವಾಗಿ ನಿಂತ. ಇನ್ನೂ ಜೋರಾಗಿ ಕೂಗಿದರು. ಅವನು ನಕ್ಕ.

"ಕೂಗಬೇಡಿ," ಅಂದಳು ಅವಳು. "ನೀವು ಕೂಗಿದಷ್ಟೂ ಅವರು ಅಲ್ಲೇ ನಿಲ್ತಾರೆ."

ಮೂವರೂ ಕೂಗು ನಿಲ್ಲಿಸಿದರು. ಜೀವಮಾನವಿಡೀ ಅವರು ಅವನಿಗೆ ಕೊಟ್ಟದ್ದು ಆ ಕೂಗೊಂದನ್ನೇ. ಮೇಲಿಂದ ಒಂದು ಇಟ್ಟಿಗೆ ಕಳಚಿ ಅವನ ಹಿಂದೆ ಬಿತ್ತು. ಅವಳು ಮುಂದಕ್ಕೆ ಹೆಜ್ಜೆ ಇಟ್ಟಳು. ಸೂಪರ್‌ವೈಸರ್ ಅವಳ ತೋಳು ಹಿಡಿದುಕೊಂಡ. ಆಗ ಪೋಸ್ಟ್‌ಮ್ಯಾನ್ ಸೂಪರ್‌ವೈಸರನ ತಲೆಯ ಹೆಲ್ಮೆಟ್ಟನ್ನು ಕಿತ್ತುಕೊಂಡ.

"ಮುಂದಕ್ಕೆ ಹಾಕ್ಬೇಕು," ಟೈಲರ್ ಪಿಸುಗುಟ್ಟಿದ. "ಕಾಲಿಗೆ ಹಾಕಿದ್ರೆ ಬರಲ್ಲ."

"ಗೊತ್ತು ಕಣೋ."

ಪೋಸ್ಟ್‌ಮ್ಯಾನ್ ಬಗ್ಗಿ, ಹೆಲ್ಮೆಟ್ಟನ್ನು ನೆಲದ ಮೇಲೆ ಉರುಳಿಸಿಬಿಟ್ಟ. ಅದು ಕುಂಟುತ್ತ, ವಾಲುತ್ತ, ಗೋಡೆ ಬಿದ್ದರೂ ತಾಗದಷ್ಟು ದೂರದಲ್ಲಿ, ಅವನ ಮುಂದಿನ ಬಯಲಿಗೆ ಅಡ್ಡಲಾಗಿ ಹೋಯಿತು. ಗೂಟಣ್ಣನ ಕೈ ಸೊಂಟ ಬಿಟ್ಟಿತು. ಕೆಟ್ಟ ಮಂಡಿ ಒಮ್ಮೆ ತಡೆಯಿತು. ಆಮೇಲೆ ಅವನು ಬಂದ. ಫೈನಲಿನ ದಿನ ಬಂದ ಹಾಗೆಯೇ, ಗಡಿಬಿಡಿಯಿಲ್ಲದೆ, ಚೆಂಡು ಎಲ್ಲಿ ನಿಲ್ಲುತ್ತದೆಂದು ಚೆಂಡಿಗಿಂತ ಮೊದಲೇ ಬಲ್ಲವನ ಹಾಗೆ. ಹೆಲ್ಮೆಟ್ಟನ್ನು ಪಾದದಡಿ ನಿಲ್ಲಿಸಿದ. ಗೋಲಿನ ಕಡೆ, ಆ ಗೋಡೆಯ ಕಡೆ ತಿರುಗಿದ.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಹಿಂದಿನಿಂದ ಬಂದು ಅವನ ಸೊಂಟ ತಬ್ಬಿಕೊಂಡಿದ್ದ. ಕ್ಷೌರಿಕ ಕೈ ಹಿಡಿದೆಳೆದ.

"ಫೌಲು," ಅಂದ ಗೂಟಣ್ಣ. ಗುಡ್ಡದ ಮರೆಗೆ ಬರುವವರೆಗೂ ಫೌಲು ಫೌಲು ಎನ್ನುತ್ತಲೇ ಬಂದ. ಅವರು ಅಲ್ಲಿ ನಿಂತು ಉಸಿರು ಬಿಡುವಾಗ ಹಿಂದೆ ಗೋಡೆ ಮೊದಲು ಮೆಲ್ಲಗೆ ಮಂಡಿಯೂರಿತು, ಆಮೇಲೆ ಒಟ್ಟಿಗೇ ಮಲಗಿತು. ಧೂಳಿನಲ್ಲಿ ಯಾರಿಗೆ ಯಾರೂ ಕಾಣಲಿಲ್ಲ. ಅವಳು ಮಾತ್ರ ಅವನ ಕೈಯನ್ನು ಹುಡುಕಿ ಹಿಡಿದಿದ್ದಳು.

ಶಾಪಿನವರೆಗೂ ಅವಳು ಆ ಕೈ ಬಿಡಲಿಲ್ಲ. ಬೈದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಒಣಗಿದ ನೊರೆಯನ್ನೂ ಧೂಳನ್ನೂ ಟವೆಲ್ಲಿನಿಂದ ಒರೆಸಿ, ಶೇವ್ ಮುಗಿಸಿ ಎಂದಳು. ಪೋಸ್ಟ್‌ಮ್ಯಾನ್ ಮುಂದಿನ ವಾರದ ಬಗ್ಗೆ ಏನೋ ಹೇಳಲು ಹೋಗಿ ನಿಲ್ಲಿಸಿದ.

"ಇನ್ಮೇಲೆ ನಾನೂ ಇಲ್ಲೇ ಕೂರ್ತೀನಿ," ಅಂದಳು. ಬೆಂಚಿನ ತುದಿಯಲ್ಲಿ, ಗಂಡ ಕಾಣುವಂತೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಒಂದು ಗಂಟೆಯ ನಿದ್ದೆಯೂ ಹೋಯಿತೆಂದು ಮೂವರಿಗೂ ಅರ್ಥವಾಯಿತು.

ಕ್ಷೌರಿಕ ಹೊಸದಾಗಿ ನೊರೆ ಮಾಡಿದ. ಯಾವ ಕೆನ್ನೆ ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆದರೂ ಬಗ್ಗಿ, ಅಣ್ಣಾ ಯಾವ ಕಡೆ ಎಂದು ಕೇಳಿದ. ಎಡ ಎಂದ ಗೂಟಣ್ಣ. ಯಾರೂ ತಿದ್ದಲಿಲ್ಲ.

ಪೋಸ್ಟ್‌ಮ್ಯಾನ್ ತನ್ನ ಸ್ಟೂಲನ್ನು ಎಳೆದುಕೊಂಡು ಹೋಗಿ ಹೊಸ್ತಿಲಿನಲ್ಲಿ ಹಾಕಿ, ಬಾಗಿಲಿಗೆ ಅಡ್ಡ ಕಾಲು ಚಾಚಿ, ಗೂಟಣ್ಣನ ಕಡೆ ಮುಖ ಮಾಡಿ ಕೂತ. ಒಳಗೆ ಕತ್ತಿಯ ಸದ್ದೊಂದೇ. ಸ್ವಲ್ಪ ಹೊತ್ತಿಗೆ ಅವಳ ನೆಟ್ಟಗಿನ ಬೆನ್ನು ಸಡಿಲಾಯಿತು. ತಲೆ ಒಮ್ಮೆ ಜೋಲಿ, ಎಚ್ಚೆತ್ತು, ಮತ್ತೆ ಜೋಲಿ, ಕೊನೆಗೆ ತಂಡದ ಫೋಟೋದ ಕೆಳಗೆ ಗೋಡೆಗೆ ಒರಗಿತು. ಉಸಿರು ನಿಧಾನವಾಯಿತು.

ಟೈಲರಿಗೆ ತಡೆಯಲಾಗಲಿಲ್ಲ. ಆ ಪಾಸು ನಿಜಕ್ಕೂ ಚೆನ್ನಾಗಿತ್ತು ಕಣೋ, ಎಂದು ಪೋಸ್ಟ್‌ಮ್ಯಾನಿಗೆ ಹೇಳಲು ಬಾಯಿ ತೆರೆದ. ಬಿಳಿ ಬಟ್ಟೆಯ ಅಡಿಯಿಂದ ಒಂದು ಕೈ ಹೊರಗೆ ಬಂತು. ಗೂಟಣ್ಣ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ, ನೊರೆ ಹತ್ತಿದ ತುಟಿಯ ಮೇಲೆ ಬೆರಳಿಟ್ಟ.