ಹಾಕಿದ ಹಾರ

ಅವರ ಬಲಗೈ ಹೆಬ್ಬೆರಳಿನ ತುದಿ ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಹಾವೇರಿಯಲ್ಲಿ ನನ್ನ ಕನ್ನಡಕದಂಗಡಿಯ ಪಕ್ಕದಲ್ಲೇ ಕೂತು, ಏಲಕ್ಕಿಗೆ ಸೂಜಿ ಚುಚ್ಚಿ ಚುಚ್ಚಿ ಹಾರ ಕಟ್ಟುತ್ತಿದ್ದ ಅವರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಕಾಕಾನ ಸಂವಿಧಾನದಲ್ಲಿ ಇದ್ದದ್ದು ಒಂದೇ ಕಲಮು: ಹಾರ ಮೊದಲು ಮುಟ್ಟಬೇಕಾದದ್ದು ಸನ್ಮಾನಿತರ ಕೊರಳನ್ನೇ. ಉದ್ದ ನೋಡಲು ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. "ಒಮ್ಮೆ ಹಾಕ್ಕೊಂಡು ನೋಡ್ಲ್ಯಾ?" ಎಂದವರಿಗೆ, "ಹಾಕ್ಕೊಂಡ್ರ ನಿಮ್ಮದಾತ್ರಿ, ಒಯ್ರಿ" ಎಂಬ ಉತ್ತರ ಸಿದ್ಧವಿತ್ತು.

ಇಂಥ ಅಂಗಡಿಗೆ ಅವರ ಅಣ್ಣನ ಮಗ, ಯಾರೂ ನೇಮಿಸದೆ ತಾನಾಗಿಯೇ ಪ್ರಚಾರ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ. ಮೊಬೈಲಿನಲ್ಲಿ ಪೇಜು ತೆರೆದ, ರೀಲ್ಸ್ ಬಿಟ್ಟ.

"ಕಾಕಾ, ಮಂದಿ ನೋಡಿದ್ರ ತಾವ ಬರತಾರ."

"ನೋಡಾಕ ಬರಾಕ ಇದೇನ್ ಸರ್ಕಸ್ಸೇನಲೇ?"

ಒಂದು ಬೆಳಿಗ್ಗೆ ಅವನ ಹೊಸ ರೀಲು ನನ್ನ ಫೋನಿಗೆ ಬಂತು. ಕಾಕಾಗೆ ತೋರಿಸಿದೆ. ನೀಲಿ ರೇಷ್ಮೆ ಕುಚ್ಚಿನ ಹಾರವೊಂದು ಅವನ ಗೆಳೆಯರ ಕೊರಳುಗಳನ್ನೆಲ್ಲ ಸಂದರ್ಶಿಸಿ, ಕೊನೆಗೆ ಬೈಕಿನ ಹೆಡ್‌ಲೈಟಿಗೂ ಸನ್ಮಾನ ಮಾಡಿತ್ತು. ಕಾಕಾನ ಮುಖ ಕಪ್ಪಿಟ್ಟಿತು. ಹೊಸರಿತ್ತಿಯಲ್ಲಿ ಅಂದೇ ನಿವೃತ್ತರಾಗಲಿದ್ದ ಮಾಸ್ತರರಿಗೆಂದು ಅವರು ಕಟ್ಟಿದ್ದ ಹಾರ ಅದು. ಹುಡುಗ ಅದನ್ನು ಆಗಲೇ ಕಳಿಸಿಯೂ ಆಗಿತ್ತು.

"ಗಾಡಿ ತಗೀರಿ" ಎಂದರು. ಬೇರೆ ಏಲಕ್ಕಿ ಹಾರ ಸಿದ್ಧವಿರಲಿಲ್ಲ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಒಂದು ಸೇವಂತಿಗೆ ಮಾಲೆ ಕೊಂಡರು. ಜೀವಮಾನದಲ್ಲಿ ಇನ್ನೊಬ್ಬರು ಕಟ್ಟಿದ ಹಾರವನ್ನು ಅವರು ಕೊಂಡದ್ದು ಅದೇ ಮೊದಲಿರಬೇಕು.

ನಾವು ತಲುಪಿದಾಗ ಏಲಕ್ಕಿ ಹಾರ ವೇದಿಕೆಯ ತಟ್ಟೆಯಲ್ಲಿತ್ತು. ಕಾಕಾ ಸೀದಾ ಮೇಲೇರಿದರು.

"ಇದು ಹಾಕಿದ ಹಾರ ಐತ್ರಿ. ಮಾಸ್ತರಿಗೆ ಬ್ಯಾಡ."

ಅಧ್ಯಕ್ಷರು ನಕ್ಕರು. "ಚೆಂದ ಐತಿ, ಇರ್ಲಿ ಬಿಡ್ರಿ."

"ಚೆಂದ ಐತಂತ ಮಂದಿ ಉಂಡೆದ್ದ ಎಲ್ಯಾಗ ಉಣ್ತೀರೇನ್ರಿ?"

ಜೇಬಿನಿಂದ ಕತ್ತರಿ ತೆಗೆದು ದಾರ ಕತ್ತರಿಸಿಯೇಬಿಟ್ಟರು. ಏಲಕ್ಕಿ ವೇದಿಕೆಯ ತುಂಬ ಉರುಳಿತು. ಮಾಸ್ತರರು ಎದ್ದು ಬಂದು ಸೇವಂತಿಗೆ ಮಾಲೆಗೆ ಕೊರಳು ಬಾಗಿಸಿದರು.

ಯಾರೋ ಅದನ್ನೂ ಚಿತ್ರೀಕರಿಸಿದ್ದರು. ನಮ್ಮ ಪ್ರಚಾರ ಮಂತ್ರಿಮಹೋದಯ ಅದಕ್ಕೆ ಡೋಲಿನ ಸದ್ದು ಸೇರಿಸಿ, 'ನಮ್ಮ ಕಾಕಾನ ಗ್ಯಾರಂಟಿ' ಎಂದು ಪೇಜಿಗೆ ಹಾಕಿದ. ಆರ್ಡರುಗಳು ಸುರಿದವು.

"ಕಾಕಾ, ನಿಮ್ಮ ಸಿಟ್ಟು ಜೋರ್ ಓಡಾಕತ್ತೈತಿ!"

"ನನ್ನ ಸಿಟ್ಟನ್ನೂ ಮಾರಿದೇನಲೇ?" ಎಂದು ಸೂಜಿ ಕೆಳಗಿಟ್ಟ ಕಾಕಾ ಮತ್ತೆ ಅದನ್ನು ಎತ್ತಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ತೀರಿಹೋದರು. ಜನ ಹೃದಯಾಘಾತ ಎಂದರು. ನಾನು ಬೇರೆ ಹೆಸರು ಹೇಳುತ್ತೇನೆ, ಅದನ್ನು ಇಲ್ಲಿ ಅಚ್ಚು ಮಾಡಲಾಗದು.

ಮೊನ್ನೆ ರಾಣೆಬೆನ್ನೂರಿನವರೊಬ್ಬರು ನನ್ನಂಗಡಿಗೆ ಬಂದು ಫೋನ್ ಹಿಡಿದರು. ಕತ್ತರಿ ಎತ್ತಿದ ಕಾಕಾನ ಉರಿಮುಖ. ಅದರ ಕೆಳಗೆ: 'ಎರಡು ಕೊಂಡರೆ ಒಂದು ಉಚಿತ'.

"ಇವರ ಅಂಗಡಿ ಎಲ್ಲಿ ಐತ್ರಿ?"

ಪಕ್ಕದಲ್ಲೇ ಹೊಸ ಬೋರ್ಡಿನ ದೀಪ ಝಗಝಗಿಸುತ್ತಿತ್ತು. ಅಣ್ಣನ ಮಗ ಗಿರಾಕಿಗಳಿಗೆ ಹಾರ ಹಾಕಿ ಫೋಟೋ ತೆಗೆಯುತ್ತಿದ್ದ.

"ಅದು ಮುಚ್ಚಿ ಭಾಳ ದಿನಾ ಆತ್ರಿ" ಎಂದೆ.