ಲುವಾನಕ್ಕ ಕಟ್ಟಿದ ಬೇಲಿ

ಪೆಂಗ್ಹು ದ್ವೀಪಸಮೂಹದ ಒಂದು ಮೀನುಗಾರರ ಹಳ್ಳಿಯಲ್ಲಿ ಶ್ಯೆ ಚಿನ್‌ಲುವಾನ್ ಎಂದರೆ ಎಲ್ಲರಿಗೂ ಲುವಾನಕ್ಕ. ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿಗೆ ತಂತಿ ಜೋಡಿಸಿಕೊಟ್ಟವಳು. ನಿವೃತ್ತಿಯಾದ ಮೇಲೆ ಮಾತ್ಸು ದೇವಿಯ ಗುಡಿಯ ಪಕ್ಕದ ಓದುಕೋಣೆ ಅವಳ ಪಾಲಿಗೆ ಬಂತು. ಒಂದಿಷ್ಟು ಪುಸ್ತಕ, ಆರು ಕಂಪ್ಯೂಟರ್.

ಒಂದು ಬುಧವಾರ ಮಕ್ಕಳು ಕಡಲಾಮೆಯ ಚಿತ್ರ ಹುಡುಕುತ್ತಿದ್ದಾಗ ಪರದೆಯ ತುಂಬ ಹೊಲಸು ಚಿತ್ರಗಳು ತೆರೆದುಕೊಂಡವು. ಒಂದನ್ನು ಮುಚ್ಚಿದರೆ ಮೂರು ಬರುತ್ತಿದ್ದವು. ಊರ ಮುಖ್ಯಸ್ಥ ವು ಥಿಯೆನ್‌ಫು ಓಡಿಬಂದು ಪ್ಲಗ್ಗನ್ನೇ ಕಿತ್ತ.

"ಇದರ ಸಹವಾಸ ಸಾಕು. ಕೋಣೆಗೆ ಬೀಗ ಹಾಕ್ಬಿಡೋಣ, ಲುವಾನಕ್ಕ."

"ಹತ್ತು ದಿನ ಕೊಡು. ಒಂದು ಬೇಲಿ ಹಾಕ್ತೀನಿ."

"ಅರವತ್ತೇಳು ವರ್ಷಕ್ಕೆ ನಿಂಗ್ಯಾಕಕ್ಕ ಇದೆಲ್ಲಾ?"

"ನಿನ್ನ ದೋಣಿಗಿಂತ ನಾನೇ ಗಟ್ಟಿ ಇದೀನಿ. ಹೋಗು ಹೋಗು."

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರನ್ನು ಅವಳು ಒರೆಸಿ ಎಬ್ಬಿಸಿದಳು. ಹೊರಗಿನಿಂದ ಬರುವ ತಂತಿಯನ್ನು ಅದರ ಒಂದು ಬದಿಗೆ, ಒಳಗಿನ ಆರು ಕಂಪ್ಯೂಟರ್‌ಗಳ ತಂತಿಯನ್ನು ಇನ್ನೊಂದು ಬದಿಗೆ ಸಿಕ್ಕಿಸಿದಳು. ಇನ್ನು ಏನೇ ಬಂದರೂ ಹೋದರೂ ನಡುವಿನ ಆ ಪೆಟ್ಟಿಗೆಯ ಅಪ್ಪಣೆ ಬೇಕು. ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದಳು. "ಎಲ್ಲವನ್ನೂ ತಡೆ" ಎಂಬುದನ್ನು ಕಟ್ಟಕಡೆಗೆ ಬರೆಯುವ ಬದಲು ಮೊದಲ ಸಾಲಿನಲ್ಲೇ ಬರೆದಿದ್ದಳು. ಪೆಟ್ಟಿಗೆ ಮೇಲಿನಿಂದ ಓದುತ್ತ ಮೊದಲು ಹೊಂದಿದ ಸಾಲನ್ನೇ ಪಾಲಿಸುತ್ತಿದ್ದರಿಂದ ಮೂರು ದಿನ ಯಾವ ಪುಟವೂ ತೆರೆಯಲಿಲ್ಲ.

"ಕಳ್ಳರ ಜೊತೆ ಮನೆಯವರನ್ನೂ ಆಚೆಗೆ ನಿಲ್ಲಿಸಿದ್ದೀಯಲ್ಲಕ್ಕ!" ಎಂದು ಥಿಯೆನ್‌ಫು ನಕ್ಕ. ಲುವಾನಕ್ಕ ಆ ಸಾಲನ್ನು ಎತ್ತಿ ಕಟ್ಟಕಡೆಗೆ ಇಟ್ಟಳು. ಹವಾಮಾನದ ಪುಟ ಥಟ್ಟನೆ ತೆರೆದುಕೊಂಡಿತು.

ಏಳನೆಯ ದಿನ ಬೆಳಿಗ್ಗೆ ಅವಳು ಪೆಟ್ಟಿಗೆಯ ದಾಖಲೆ ತೆರೆದಳು. ತಡೆದ ಪ್ರತಿಯೊಂದು ಕರೆಗೂ ಅಲ್ಲಿ ಒಂದು ಸಾಲು. ಸಾಲುಗಳು ನಿಲ್ಲದೆ ಓಡುತ್ತಿದ್ದವು. ಅವಳು ಹೆಸರೂ ಕೇಳಿರದ ಊರುಗಳಿಂದ, ಭೂಮಿಯ ಆಚೆ ಮಗ್ಗುಲಿನಿಂದ, ಯಾರೋ ಈ ಪುಟ್ಟ ಓದುಕೋಣೆಯ ಬಾಗಿಲು ತಟ್ಟುತ್ತಿದ್ದರು. ಒಂದೇ ಗಂಟೆಯಲ್ಲಿ ನಾಲ್ಕು ಸಾವಿರ ಸಲ. ಕೈಯಲ್ಲಿದ್ದ ಚಹಾ ಆರಿದ್ದು ಅವಳಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಇದೆಲ್ಲ ಸದ್ದಿಲ್ಲದೆ ನಡೆದೇ ಇತ್ತು. ನಾವು ಅದರ ನಡುವೆಯೇ ಕೂತು ಪತ್ರಿಕೆ ಓದುತ್ತಿದ್ದೆವು!

ಸುದ್ದಿ ಹಬ್ಬಿ ಜನ ನೋಡಲು ಬಂದರು. ದೊಡ್ಡ ಅಲೆಯೆದುರು ನಿಂತವರಂತೆ ಪರದೆಯೆದುರು ನಿಂತರು.

"ಇಷ್ಟೊಂದು ಜನಕ್ಕೆ ನಮ್ಮೂರು ಗೊತ್ತಾ?" ಥಿಯೆನ್‌ಫು ಮೆಲ್ಲಗೆ ಕೇಳಿದ.

"ಯಾರಿಗೂ ಗೊತ್ತಿಲ್ಲ ಕಣೋ. ಇದೆಲ್ಲ ಯಂತ್ರಗಳ ಕೆಲಸ. ಲೋಕದ ಪ್ರತಿ ಬಾಗಿಲನ್ನೂ ತಟ್ಟಿ ನೋಡ್ತವೆ, ಯಾವುದು ಸಡಿಲ ಇದೆ ಅಂತ."

ಹೊಲಸು ಪುಟಗಳನ್ನು ತಡೆಯಲು ಅವಳು ಕೆಲವು ಪದಗಳನ್ನು ಬರೆದಿಟ್ಟಿದ್ದಳು. ವಿಳಾಸದಲ್ಲಿ ಅವುಗಳಲ್ಲೊಂದು ಇದ್ದರೆ ಸಾಕು, ಆ ಪುಟ ತೆರೆಯುತ್ತಿರಲಿಲ್ಲ. ಎರಡು ವಾರದ ಮೇಲೆ ದಾಖಲೆ ನೋಡುವಾಗ ಒಂದು ವಿಳಾಸ ಅವಳ ಕಣ್ಣಿಗೆ ಬಿತ್ತು. ನಾಲ್ಕನೆಯ ಕಂಪ್ಯೂಟರಿನಿಂದ ಯಾರೋ ಅದನ್ನು ಏಳು ಸಲ ಕೇಳಿದ್ದರು, ಏಳು ಸಲವೂ ಪೆಟ್ಟಿಗೆ ತಡೆದಿತ್ತು. ಅವಳು ಮನೆಗೆ ಹೋಗಿ ಫೋನಿನಲ್ಲಿ ಅದನ್ನೇ ತೆರೆದು ನೋಡಿದಳು. ಸ್ತನದ ಕ್ಯಾನ್ಸರಿನ ಬಗ್ಗೆ ವೈದ್ಯರು ಬರೆದ ಪುಟ.

"ಸ್ತನ" ಎಂಬ ಪದವನ್ನು ತಡೆದದ್ದು ತಾನೇ. ದಾಖಲೆಯಲ್ಲಿದ್ದ ಆ ಹೊತ್ತಿಗೆ ನಾಲ್ಕನೆಯ ಕುರ್ಚಿಯಲ್ಲಿ ಕೂತಿದ್ದವಳು ಚಿಪ್ಪೊಡೆದು ಸಿಂಪಿ ಬಿಡಿಸುವ ಖೋ ಸುಶಿಯಾ ಎಂಬುದು ಅವಳಿಗೆ ನೆನಪಿತ್ತು. ಲುವಾನಕ್ಕ ನೇರ ಕಡಲ ದಂಡೆಗೆ ನಡೆದಳು.

ಅವಳು ಆ ಪುಟದ ಮಾತೆತ್ತಿದಾಗ ಸುಶಿಯಾ ಚಾಕು ಕೆಳಗಿಟ್ಟಳು. "ಕೆಂಪಕ್ಷರದಲ್ಲಿ ಈ ಪುಟ ನೋಡಬಾರದು ಅಂತ ಬಂತಕ್ಕ. ನಾನೇನೋ ಹೊಲಸು ಕೇಳಿಬಿಟ್ಟೆ ಅನ್ಕೊಂಡು ನಾಚಿಕೆಯಾಗಿ ಎದ್ದು ಬಂದೆ."

"ಹೊಲಸು ನಿನ್ನದಲ್ಲ ಕಣೇ. ದಡ್ಡತನ ನಂದು. ಎಷ್ಟು ದಿನದಿಂದ ಇದೆ ಗಂಟು?"

"ದೇವಿ ಹಬ್ಬಕ್ಕೆ ಮುಂಚಿಂದ."

"ನಡಿ, ಮಾಕುಂಗ್ ಆಸ್ಪತ್ರೆಗೆ. ಹನ್ನೊಂದಕ್ಕೆ ದೋಣಿ ಇದೆ."

"ಈ ಸಿಂಪಿ?"

"ಸಿಂಪಿಗೇನು ಕಾಯಿಲೆನಾ? ಏಳು ಮೊದಲು."

ಗಂಟು ಇನ್ನೂ ಚಿಕ್ಕದಿತ್ತು. ಶಸ್ತ್ರಚಿಕಿತ್ಸೆ ಆಯಿತು, ಸುಶಿಯಾ ಉಳಿದಳು. ಲುವಾನಕ್ಕ ಆ ಪದವನ್ನು ಅಳಿಸಿ, ತಿಳಿದವರು ಒಂದೊಂದನ್ನೇ ನೋಡಿ ಮಾಡಿದ ಹೊಲಸು ಪುಟಗಳ ಪಟ್ಟಿಯನ್ನು ಹಾಕಿದಳು. ಯಾರು ಯಾವ ಕುರ್ಚಿಯಿಂದ ಏನು ಕೇಳಿದರು ಎಂಬುದನ್ನು ಬರೆದಿಡುವುದನ್ನೂ ನಿಲ್ಲಿಸಿದಳು. ಇನ್ನೊಬ್ಬರ ಅಂಜಿಕೆ ಅಷ್ಟು ಸುಲಭವಾಗಿ ತನ್ನ ಕಣ್ಣಿಗೆ ಬಿದ್ದದ್ದು ಅವಳನ್ನು ಬೆಚ್ಚಿಸಿತ್ತು. ಕೆಂಪಕ್ಷರದ ಜಾಗದಲ್ಲಿ, "ತಪ್ಪಾಗಿ ತಡೆದಿದ್ದರೆ ಲುವಾನಳಿಗೆ ಹೇಳಿ, ಕಾರಣ ಹೇಳಬೇಕಿಲ್ಲ" ಎಂದು ಬರೆದಳು.

ಚಳಿಗಾಲದ ಹೊತ್ತಿಗೆ ಸುಶಿಯಾ ಮತ್ತೆ ಬಂದಳು, ಸಿಂಪಿ ಬಿಡಿಸುವ ಇನ್ನೂ ಐವರನ್ನು ಕರೆದುಕೊಂಡು. ನಾಲ್ಕನೆಯ ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಅವರಿಗೆ ಗಟ್ಟಿಯಾಗಿ ಓದತೊಡಗಿದಳು. ಒಬ್ಬಳು ನಾಚಿ ಕಿಸಕ್ಕನೆ ನಕ್ಕಳು. "ನಗ್ಬೇಡ್ವೇ, ಕೇಳು," ಎಂದು ಗದರಿಸಿ ಸುಶಿಯಾ ಮುಂದಕ್ಕೆ ಓದಿದಳು.