ಕಾಕಾನ ಕಂಪ್ಯೂಟರ್ ಮಾತು ಬಿಟ್ಟ ಬೆಳಿಗ್ಗೆ

...ಕಾಕಾನ ತೋರುಬೆರಳೇ ಇರಬೇಕು, ಆದರೆ ನನಗೆ ನೆನಪಾಗುವುದು ಹೆಬ್ಬೆರಳು. ಕೀಬೋರ್ಡಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು, ಉಗುರು ಒಂದು ಬದಿಗೆ ಸವೆದಿತ್ತು. ಸಯನ್‌ನ ನಮ್ಮ ಬಿಲ್ಡಿಂಗಿನ ಎದುರುಮನೆ ಕಾಕಾನ ಬಗ್ಗೆ ಬರೆಯಲು ಕೂತರೆ ಮೊದಲ ಸಾಲಿಗೇ ಅನುಮಾನ.

ವಿಜಯಪುರದ ಕಡೆಯವರು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಒಂದು ಆಫೀಸಿನ ಪತ್ರವ್ಯವಹಾರ ನೋಡುತ್ತಿದ್ದರು. ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರೇ ಅವರಿಗೆ ಓದಿ ಹೇಳುತ್ತಿತ್ತು, ನಮ್ಮ ಕಿವಿಗೆ ಸಾಸಿವೆ ಸಿಡಿದಂತೆ ಕೇಳುವಷ್ಟು ಜೋರಿನ ಓಟದಲ್ಲಿ. "ಸಾವಕಾಶ ಇಟ್ರ ನಿದ್ದಿ ಬರ್ತೈತಿ" ಎನ್ನುತ್ತಿದ್ದರು.

ಆಫೀಸಿನ ದಾರಿಯಲ್ಲಿ ಕುರ್ಲಾ ಸ್ಟೇಶನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗ ಜನರ ನೂಕಾಟಕ್ಕೆ ಬಿದ್ದು ಮೊಣಕಾಲು ಒಡೆದುಕೊಂಡ ಮೇಲೆ, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಕೇಳಿಕೊಂಡಿದ್ದರು. ಒಂದು ವಾರ ನೋಡೋಣ ಎಂದಿದ್ದರು ಆಫೀಸಿನ ಸಾಹೇಬರು. ಆ ವಾರ ಶುರುವಾದದ್ದು ದಸರಾದ ಮರುದಿನ. ಅವತ್ತೇ ಕಂಪ್ಯೂಟರ್ ಮಾತು ಬಿಟ್ಟಿತು.

ಅವರ ಹೆಂಡತಿ ಕಾಕುಗೆ ಇಂಗ್ಲಿಷ್ ಬಾರದು, ನನ್ನನ್ನು ಕರೆದರು. ಹತ್ತಕ್ಕೆ ಕಂಪ್ಯೂಟರಿನಲ್ಲೇ ಹಾಜರಿ ಕೊಡಬೇಕು. ಶಬ್ದವಿಲ್ಲದಿದ್ದರೆ ಕಾಕಾನ ಪಾಲಿಗೆ ಪರದೆಯೂ ಇಲ್ಲ. ಮತ್ತೆ ಕುರ್ಲಾದ ಗರ್ದಿಯೇ.

ವಾಲ್ಯೂಮ್ ಪೂರ್ತಿ ಇತ್ತು. ಸ್ಪೀಕರಿನ ದೀಪ ಉರಿಯುತ್ತಿತ್ತು. ಬಂದ್ ಮಾಡಿ ಚಾಲೂ ಮಾಡಿದೆ. ಕಂಪ್ಯೂಟರಿನ ಹಿಂಬದಿಯ ಸ್ಪೀಕರ್ ಪಿನ್ ಕಿತ್ತು ಅದೇ ತೂತಿಗೆ ಗಟ್ಟಿಯಾಗಿ ಒತ್ತಿದೆ.

"ಪರದೆ ಮ್ಯಾಲ ಏನ್ ಬಂತು?"

"ಏನಿಲ್ಲ ಕಾಕಾ. ಮೂಲ್ಯಾಗ ಮೈಕಿಂದೇನೋ ಬಂದು ಹೋತು. ಅದು ನಮಗ ಸಂಬಂಧ ಇಲ್ಲ."

"ಸಂಬಂಧ ನಾ ನೋಡ್ತೀನಿ. ನೀ ಏನ್ ಬರದೈತಿ ಅಷ್ಟ ಓದು."

ಮತ್ತೆ ಕಿತ್ತು ಒತ್ತಿದೆ. ಮೈಕ್ ಜೋಡಿಸಲಾಗಿದೆ ಎಂದಿತ್ತು. ಓದಿದೆ.

"ನಮ್ಮ ಮನ್ಯಾಗ ಮೈಕ್ ಎಲ್ಲಿಂದ ಬಂತೋ ತಮ್ಮಾ?" ಎಂದವರೇ ಕಾಕು ನಿಂತ ಕಡೆ ಮುಖ ತಿರುಗಿಸಿದರು.

ಖಂಡೇನವಮಿಯ ಆಯುಧಪೂಜೆಗೆ ಕಾಕು ವೈರುಗಳನ್ನೆಲ್ಲ ಬಿಚ್ಚಿ, ಒರೆಸಿ, ಕಂಪ್ಯೂಟರಿಗೆ ಹಿಂದೂ ಮುಂದೂ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಪಿನ್ನಿನ ತೂತುಗಳ ಹಸಿರು, ಗುಲಾಬಿ ಗುರುತುಗಳೆಲ್ಲ ಕುಂಕುಮದಡಿ ಒಂದೇ ಬಣ್ಣ. ಸ್ಪೀಕರಿನ ಪಿನ್ನನ್ನು ಮೈಕಿನ ಜಾಗಕ್ಕೆ ಸಿಕ್ಕಿಸಿದ್ದರು.

"ಪೂಜಿ ಮಾಡಿದ್ದೂ ತಪ್ಪಾತೇನ್ರಿ?" ಎಂದರು ಕಾಕು.

"ತಪ್ಪೆಲ್ಲಿ ಬಂತು. ದೇವರಿಗೆ ಭಾಷಣ ಮಾಡೂದಿತ್ತು, ನೀ ಮೈಕ್ ಹಚ್ಚಿಕೊಟ್ಟಿ."

ಪಿನ್ನನ್ನು ಪಕ್ಕದ ತೂತಿಗೆ ಹಾಕಿದೆ. ಕಂಪ್ಯೂಟರ್ ಮಾತಾಡಿತು. ಹತ್ತಕ್ಕೆ ಒಂದೇ ನಿಮಿಷ ಉಳಿದಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಗಡಿಯಾರ ನೋಡಿದ ನೆನಪಿಲ್ಲ. ಆ ನಿಮಿಷ ನಾನೇ ಸೇರಿಸಿದ್ದಿರಬೇಕು. ಕಾಕಾ ಹಾಜರಿ ಕೊಟ್ಟು ಚಹಾ ಕೇಳಿದ್ದು ಮಾತ್ರ ಹೌದು.

ವಾರ ಸರಿಯಾಗಿ ಮುಗಿಯಿತು, ಪರವಾನಗಿಯೂ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದರೆ ಬರೆಯುವವನಿಗೆ ಸಲೀಸು. ಆದರೆ ಮುಂದಿನ ಬೇಸಿಗೆಯ ಹೊತ್ತಿಗೆ ಕಾಕಾ ಮತ್ತೆ ಕೋಲು ಹಿಡಿದು ಸ್ಟೇಶನ್ನಿನ ಕಡೆ ಹೊರಟರು. ಯಾಕ್ರಿ ಎಂದು ನಾನು ಕೇಳಿದ್ದಕ್ಕೆ, "ಮನ್ಯಾಗ ಬರೇ ಅದೊಂದ ಮಾತಾಡ್ತೈತಿ" ಎಂದರು. ಕಾಕು ಬಾಗಿಲಲ್ಲೇ ಇದ್ದರು. ಊಟದ ಡಬ್ಬಿ ಕೊಟ್ಟು ಒಳಗೆ ಹೋದರು.

ಹೋದ ವರ್ಷ ಜ್ವರ ಬಂದು ಕಾಕಾ ತೀರಿಕೊಂಡರು. ಮಣ್ಣಿಗೆ ಬಂದ ಆಫೀಸಿನವರಲ್ಲಿ ಒಬ್ಬರು, ಸಾಹೇಬರೇ ಅವರನ್ನು ವಾಪಸ್ ಕರೆಸಿದ್ದು ಎಂದರು. ಇನ್ನೊಬ್ಬರು, ಇಲ್ಲ, ತಾವಾಗೇ ಬಂದರು ಎಂದರು. ಕಾಕುವನ್ನು ನಾನು ಕೇಳಿಲ್ಲ. ಕಾಕಾ ಯಾಕೆ ಮತ್ತೆ ಆ ಗಾಡಿ ಹತ್ತಿದರೋ ನನಗೆ ಗೊತ್ತಿಲ್ಲ.